ನಡುವಿನ ಆರು ತಿಂಗಳು

ಹೋದ ತಿಂಗಳು ಯಾದಗಿರಿಯಲ್ಲಿ ಒಂದು ತರಬೇತಿ ಇತ್ತು. ಮುಗಿಸಿಕೊಂಡು ಶಹಾಪುರದ ಬಸ್ಸು ಹತ್ತಿದ್ದೆ. ಶಹಾಪುರ ಇನ್ನೇನು ಬಂತು ಎನ್ನುವಾಗ ತೆರೆದ ಕಿಟಕಿಯಿಂದ ಒಂದು ವಾಸನೆ ಬಂದು ಬಡಿಯಿತು. ಬೇಸಿಗೆಯೆಲ್ಲ ಒಣಗಿ ಬಿದ್ದ ಕಾಲುವೆಗೆ ಮೊದಲ ನೀರು ಬಿಟ್ಟಾಗ ಏಳುವ ವಾಸನೆ. ಮಳೆ ಬಿದ್ದ ಮಣ್ಣಿನ ವಾಸನೆಯ ಹಾಗೆ ಅದು ಹಿತವಾಗಿರುವುದಿಲ್ಲ. ಕೊಳೆತ ಹುಲ್ಲು, ಬಿಸಿಲಿಗೆ ಸತ್ತ ಮೀನು, ತಿಂಗಳುಗಟ್ಟಲೆ ಕಾದ ಸಿಮೆಂಟು, ಯಾರೋ ಎಸೆದ ಚಪ್ಪಲಿ, ಎಲ್ಲವೂ ಒಟ್ಟಿಗೆ ನೆನೆದ ವಾಸನೆ. ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದೆ.

ಆ ವಾಸನೆಯ ಜೊತೆ ನನಗೆ ಬರುವುದು ಒಂದೇ ಒಂದು ವರ್ಷ.

ಆಗ ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಶಹಾಪುರದಿಂದ ಸುರಪುರದ ಕಡೆ ಹೋಗುವ ದಾರಿಯಲ್ಲಿ, ಕಾಲುವೆ ಕಟ್ಟುವ ಕಾಲಕ್ಕೆ ಎಬ್ಬಿಸಿದ ಒಂದು ಕ್ಯಾಂಪಿನ ಶಾಲೆಗೆ ನನ್ನನ್ನು ಟೀಚರಾಗಿ ಹಾಕಿದರು. ಅದು ನನ್ನ ಮೊದಲ ನೌಕರಿ. ಮೈಸೂರಿನಿಂದ ಒಂದು ಟ್ರಂಕು, ಒಂದು ಸ್ಟೌವು ಹೊತ್ತುಕೊಂಡು ಬಂದಿಳಿದಾಗ ನನಗೆ ಇಪ್ಪತ್ತಾರು ವರ್ಷ. ಕಾಲುವೆ ಮುಗಿದು ನೀರು ಹರಿಯತೊಡಗಿ ಎಷ್ಟೋ ವರ್ಷಗಳಾಗಿದ್ದವು. ಕಟ್ಟಿದವರೆಲ್ಲ ಹೊರಟುಹೋಗಿದ್ದರು. ಸಾಲು ಸಾಲು ಕ್ವಾರ್ಟರ್ಸುಗಳು ಮಾತ್ರ ಉಳಿದಿದ್ದವು. ಹೆಚ್ಚಿನವಕ್ಕೆ ಬಾಗಿಲಿರಲಿಲ್ಲ, ಕಿಟಕಿಯ ಚೌಕಟ್ಟುಗಳನ್ನು ಯಾರೋ ಕಿತ್ತುಕೊಂಡು ಹೋಗಿದ್ದರು, ಒಳಗೆ ಜಾಲಿ ಬೆಳೆದಿತ್ತು. ನನಗೆ ಕೊಟ್ಟ ಮನೆಯ ಎಡಕ್ಕೂ ಬಲಕ್ಕೂ ಖಾಲಿ ಮನೆಗಳೇ. ಮಕ್ಕಳು ಸುತ್ತಲಿನ ಹಳ್ಳಿಗಳಿಂದ ನಡೆದು ಬರುತ್ತಿದ್ದವು. ಶಾಲೆ ಬಿಟ್ಟ ಮೇಲೆ ಕಾಲುವೆಯ ಏರಿಯ ಮೇಲೆ ಅವುಗಳ ಸಾಲು ಸಣ್ಣದಾಗುತ್ತ ಹೋಗಿ ಕಾಣದಾದರೆ, ಮರುದಿನ ಬೆಳಿಗ್ಗೆಯವರೆಗೆ ನನ್ನ ಹತ್ತಿರ ಮಾತಾಡುವವರು ಯಾರೂ ಇರುತ್ತಿರಲಿಲ್ಲ.

ಆ ಕಡೆಯ ಮಾತು ಮೊದಲಿಗೆ ನನಗೆ ಬೈಗುಳದಂತೆ ಕೇಳುತ್ತಿತ್ತು. ಕಿರಾಣಿ ಅಂಗಡಿಗೆ ಹೋದರೆ "ಯಾಕ್ ಬಂದೀರಿ?" ಎನ್ನುತ್ತಿದ್ದರು. ಏನು ಬೇಕು ಎನ್ನುವುದನ್ನು ಅವರು ಹಾಗೆ ಕೇಳುತ್ತಾರೆಂದು ತಿಳಿಯುವಷ್ಟರಲ್ಲಿ ಎರಡು ತಿಂಗಳಾಗಿತ್ತು. ಅಷ್ಟರೊಳಗೆ ನಾನು ಅಂಗಡಿಗೆ ಹೋಗುವುದನ್ನೇ ಕಡಿಮೆ ಮಾಡಿದ್ದೆ.

ಕಾಲುವೆಗೆ ನೀರು ಬಿಟ್ಟ ವಾರವೇ ನನಗೆ ಜ್ವರ ಬಂತು. ಕ್ಯಾಂಪಿನ ದವಾಖಾನೆಯಲ್ಲಿ ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಉಳಿದಂತೆ ಅದು ಶಮ್ಶಾದ್ ಬೇಗಂ ಎಂಬ ನರ್ಸಿನ ಕೈಯಲ್ಲೇ ಇತ್ತು. ನಲವತ್ತು ದಾಟಿದ, ಎತ್ತರದ ಹೆಂಗಸು. ನಡೆದರೆ ಚಪ್ಪಲಿಯ ಸದ್ದು ಇಡೀ ಕಟ್ಟಡಕ್ಕೆ ಕೇಳುತ್ತಿತ್ತು. ನನ್ನನ್ನು ಒಳಗಿನ ಮಂಚದ ಮೇಲೆ ಮಲಗಿಸಿ, ಸಲೈನ್ ಹಚ್ಚಿ, ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತರು.

"ಸುಮ್ನ ಮಲಗಬ್ಯಾಡ್ರಿ ಟೀಚರ್. ಏನರ ಮಾತಾಡ್ರಿ. ಮೂರು ದಿನ ಆತು, ನಾನೂ ಯಾರ ಜೋಡಿ ಮಾತಾಡಿಲ್ಲ."

ಏನು ಮಾತಾಡುವುದೆಂದು ತಿಳಿಯದೆ ಹಾಸ್ಟೆಲಿನಲ್ಲಿ ಆಡುತ್ತಿದ್ದ ಒಂದು ಆಟದ ಬಗ್ಗೆ ಹೇಳಿದೆ. ನನ್ನ ರೂಮಿನ ಹುಡುಗಿಯ ಅಣ್ಣ ಪರದೇಶದಿಂದ ಕಲಿತು ಬಂದು ಅವಳಿಗೆ ಕಲಿಸಿದ್ದ ಆಟ ಅದು. ಮೇಜಿನ ಸುತ್ತ ನಾಲ್ಕೈದು ಜನ ಕೂರಬೇಕು. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬ ಮನುಷ್ಯರಾಗುತ್ತಾರೆ. ನೀವು ಒಂದು ನದಿಯ ದಂಡೆಗೆ ಬಂದಿದ್ದೀರಿ, ದೋಣಿ ಇಲ್ಲ, ಏನು ಮಾಡುತ್ತೀರಿ ಎಂದು ಕಥೆ ನಡೆಸುವವರು ಕೇಳುತ್ತಾರೆ. ಈಜುತ್ತೇನೆ ಎಂದರೆ ದಾಳ ಹಾಕಬೇಕು. ಬಿದ್ದ ಸಂಖ್ಯೆಯ ಮೇಲೆ ದಡ ಸೇರುವುದೋ ಮುಳುಗುವುದೋ ತೀರ್ಮಾನ. ಗೆಲ್ಲುವವರು, ಸೋಲುವವರು ಅಂತ ಇಲ್ಲ. ಕಥೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯಬಹುದು.

ಶಮ್ಶಾದ್ ಸಲೈನಿನ ಹನಿ ನೋಡುತ್ತ ಕೇಳಿಸಿಕೊಂಡರು. ಆಮೇಲೆ, "ನನ್ ಹಂತ್ಯಾಕ ಕವಡಿ ಅವ. ನಡೀತದೇನ್ರಿ?" ಎಂದರು.

ಹೀಗೆ ಶುರುವಾಯಿತು. ಅವರನ್ನು ನಾನು ಆಪಾ, ಅಂದರೆ ಅಕ್ಕ, ಎನ್ನತೊಡಗಿದೆ. ಎರಡೇ ಜನಕ್ಕೆ ಆಟ ಆಗುವುದಿಲ್ಲ ಎಂದು ನಾನು ಹೇಳಿದ್ದಕ್ಕೆ ಮುಂದಿನ ಭಾನುವಾರ ಅವರು ಈರಣ್ಣನವರನ್ನು ಎಳೆದುಕೊಂಡು ಬಂದರು. ಈರಣ್ಣ ಕಾಲುವೆಯ ವರ್ಕ್ ಇನ್‌ಸ್ಪೆಕ್ಟರು. ಐವತ್ತರ ಆಸುಪಾಸಿನವರು. ಮಕ್ಕಳ ಓದಿಗೆಂದು ಹೆಂಡತಿಯನ್ನು ವಿಜಯಪುರದಲ್ಲಿ ಇಟ್ಟು ತಾವು ಕ್ಯಾಂಪಿನಲ್ಲಿ ಒಬ್ಬರೇ ರೊಟ್ಟಿ ಬಡಿದುಕೊಂಡು ಇದ್ದರು. "ಸಣ್ಣ ಹುಡುಗರ ಆಟ ಆಡಾಕ ನನ್ನ ಕರ್ಕೊಂಡ್ ಬಂದಾಳ ನೋಡ್ರಿ ಈ ಸಿಸ್ಟರ್" ಎಂದು ಗೊಣಗುತ್ತಲೇ ಕೂತವರು, ಸಂಜೆಯ ಹೊತ್ತಿಗೆ ಕವಡೆಯನ್ನು ಎರಡೂ ಅಂಗೈಯಲ್ಲಿ ಕುಲುಕಿ ಊದಿ ಎಸೆಯುತ್ತಿದ್ದರು.

ದವಾಖಾನೆಯ ಹಿಂದಿನ ಪಡಸಾಲೆಯಲ್ಲಿ ನಮ್ಮ ಆಟ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಶುರು, ಹೊತ್ತು ಮುಳುಗುವುದರೊಳಗೆ ಮುಗಿಯಬೇಕು. ಕಥೆ ನಡೆಸುವವಳು ನಾನು. ಬಂಡೆಗಳ ಮೇಲೆ ಕೋಟೆಗಳು, ಕೆಳಗೆ ಒಂದು ದೊಡ್ಡ ನದಿ, ಅದರ ದಂಡೆಯ ಊರುಗಳು, ಇಷ್ಟು ನಾಡನ್ನು ನಾನು ಕಲ್ಪಿಸಿಕೊಂಡಿದ್ದೆ. ಕಿಟಕಿಯ ಹೊರಗೆ ಕಾಣುತ್ತಿದ್ದುದನ್ನೇ ಸ್ವಲ್ಪ ದೊಡ್ಡದು ಮಾಡಿದ್ದೆ, ಅಷ್ಟೆ. ಈರಣ್ಣ ಕೋಟೆಯ ಕಾವಲುಗಾರನಾದರು. ಶಮ್ಶಾದ್ ತಾವು ನೂರಿ ಎಂಬ ದೋಣಿಯವಳು ಎಂದರು. ಪಾತ್ರಕ್ಕೆ ಒಂದು ಹಿನ್ನೆಲೆ ಬೇಕೆಂದು ನಾನು ಕೇಳಿದಾಗ ಹೆಚ್ಚು ಯೋಚಿಸಲಿಲ್ಲ. "ಆಕಿ ಗಂಡ ದೋಣಿ ತಗೊಂಡು ಸಮುದ್ರಕ್ಕ ಹೋಗ್ಯಾನ. ಇನ್ನಾ ಬಂದಿಲ್ಲ" ಎಂದರು.

ಶಮ್ಶಾದ್‌ರ ಗಂಡ ಖಾಜಾಸಾಬ್ ಸೌದಿಯಲ್ಲಿ ಲಾರಿ ಓಡಿಸುತ್ತಿದ್ದರು. ಹೋಗಿ ಒಂಬತ್ತು ವರ್ಷ. ನಡುವೆ ಎರಡು ಸಲ ಬಂದು ಹೋಗಿದ್ದರಂತೆ. ಮಕ್ಕಳಾಗಿರಲಿಲ್ಲ. ಸುರಪುರದಲ್ಲಿದ್ದ ಅತ್ತೆ ತೀರಿಕೊಂಡ ಮೇಲೆ ಅಲ್ಲಿನ ಮನೆಗೆ ಬೀಗ ಬಿದ್ದಿತ್ತು. ಇದಿಷ್ಟು ನನಗೆ ಗೊತ್ತಿತ್ತು. ಶುಕ್ರವಾರ ದವಾಖಾನೆಯ ಫೋನು ರಿಂಗಾದರೆ ಅವರು ಓಡುತ್ತಿದ್ದುದೂ, ಫೋನಿನಲ್ಲಿ ಕಿರುಚಿ ಕಿರುಚಿ "ಎಲ್ಲಾ ಚಲೋ" ಎಂಬರ್ಥದ ಉರ್ದು ಮಾತನ್ನೇ ಮತ್ತೆ ಮತ್ತೆ ಹೇಳುತ್ತಿದ್ದುದೂ ಗೊತ್ತಿತ್ತು.

ಈ ಆಟದಲ್ಲಿ ಕಥೆ ನಡೆಸುವವರಿಗೆ ದೊಡ್ಡ ತಲೆನೋವೆಂದರೆ ಕಾಲ. ಕಥೆಯೊಳಗೆ ಕ್ಷಣದಲ್ಲಿ ಮುಗಿಯುವ ಕತ್ತಿವರಸೆಗೆ ನಮ್ಮ ಅರ್ಧ ಮಧ್ಯಾಹ್ನ ಬೇಕಾಗುತ್ತದೆ. ಹತ್ತು ದಿನದ ಪ್ರಯಾಣ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಈಗ ಅಲ್ಲಿ ಯಾವ ತಿಂಗಳು, ಕಟ್ಟಿಕೊಂಡ ಬುತ್ತಿ ಎಷ್ಟು ಉಳಿದಿದೆ, ಹಚ್ಚಿದ ಪಂಜು ಇನ್ನೆಷ್ಟು ಹೊತ್ತು ಉರಿದೀತು, ಇದೆಲ್ಲ ಯಾರಾದರೂ ಲೆಕ್ಕ ಇಡಬೇಕು. ಹಾಸ್ಟೆಲಿನಲ್ಲಿ ನಾವು ಅದನ್ನು ಅಷ್ಟಾಗಿ ಹಚ್ಚಿಕೊಂಡಿರಲಿಲ್ಲ. ಇಲ್ಲಿ ಅದು ನಡೆಯಲಿಲ್ಲ. ಮೊದಲ ತಿಂಗಳಲ್ಲೇ ಜಗಳವಾಯಿತು. ಈರಣ್ಣನವರ ಕಾವಲುಗಾರ ಗೋಡೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಎರಡು ದಿನ ವಿಶ್ರಾಂತಿ ಪಡೆದು ಮುಂದೆ ಹೊರಡುತ್ತೀರಿ ಎಂದೆ ನಾನು.

"ಎರಡು ದಿನಾ?" ಎಂದರು ಶಮ್ಶಾದ್. "ಎಲುಬು ಕೂಡಾಕ ಒಂದೂವರಿ ತಿಂಗಳ ಬೇಕ್ರಿ. ನಿಮ್ಮ ಕಥಿಯಾಗಿನ ಮಂದಿಗಿ ಎಲುಬಿಲ್ಲೇನು?"

"ಏ ಸಿಸ್ಟರ್, ಒಂದೂವರಿ ತಿಂಗಳ ನಾ ಏನ್ ಮಾಡ್ಲಿ ಹಾಸಗ್ಯಾಗ ಬಿದ್ದು? ಮುಂದ ನಡೀರಿ ಟೀಚರ್" ಎಂದರು ಈರಣ್ಣ.

"ಬಿದ್ದಿರ್ರಿ. ಮಂದಿ ಬೀಳೂದಿಲ್ಲೇನು?"

ಕಡೆಗೆ ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಒಂದು ದೊಡ್ಡ ವೃತ್ತ ಬರೆದು ಹನ್ನೆರಡು ಪಾಲು ಮಾಡಿದೆ. ಒಂದೊಂದು ಪಾಲು ಒಂದು ತಿಂಗಳು. ಅದರ ಮೇಲೆ ಒಂದು ಹುಣಸೆಬೀಜ ಇಟ್ಟೆವು. ಕಥೆಯಲ್ಲಿ ದಿನ ಸರಿದಂತೆ ಬೀಜ ಸರಿಯುತ್ತಿತ್ತು. ಪಂಜು ಹಚ್ಚಿದರೆ ಬೆಂಕಿಕಡ್ಡಿಗಳನ್ನು ಸಾಲಾಗಿ ಇಟ್ಟು ಒಂದೊಂದಾಗಿ ತೆಗೆಯುತ್ತಿದ್ದೆವು. ಬೀಜ ಸರಿಸುವ ಹಕ್ಕು ನನ್ನದು. ಆದರೆ ನಾನು ಅದಕ್ಕೆ ಕೈ ಹಾಕಿದಾಗಲೆಲ್ಲ ಒಬ್ಬರು ಮುಂದೆ ಎನ್ನುವುದು, ಇನ್ನೊಬ್ಬರು ತಡೀರಿ ಎನ್ನುವುದು ನಡೆದೇ ಇತ್ತು. ಈರಣ್ಣನವರಿಗೆ ಯಾವಾಗಲೂ ಮುಂದಿನ ಊರು ಬೇಕು. ಶಮ್ಶಾದ್‌ಗೆ ಈ ಊರಲ್ಲಿ ಊಟಕ್ಕೆ ಏನು ಮಾಡಿದ್ದರು, ಹಾಸಿಗೆ ಸಿಕ್ಕಿತೇ, ಬೆಳಿಗ್ಗೆ ಚಳಿ ಇತ್ತೇ, ಎಲ್ಲ ತಿಳಿಯಬೇಕು.

ಭತ್ತದ ಕೊಯ್ಲು ಮುಗಿದು ಎರಡನೇ ಬೆಳೆಗೆ ನೀರು ಬಿಟ್ಟಿದ್ದರು. ಹೊರಗೆ ದಿನವೂ ಟ್ರ್ಯಾಕ್ಟರಿನ ಸದ್ದು. ನನಗೆ ಆ ವಾರ ಪರೀಕ್ಷೆಯ ಪೇಪರುಗಳಿದ್ದವು, ಕಥೆಗೆ ಏನೂ ತಯಾರಿ ಮಾಡಿಕೊಂಡಿರಲಿಲ್ಲ. ಕಥೆಯಲ್ಲಿ ಇಬ್ಬರೂ ಕಳ್ಳರ ಕೈಯಿಂದ ಕೋಟೆಯನ್ನು ಬಿಡಿಸಿ ತಮ್ಮ ತಮ್ಮ ಮನೆಗೆ ಮರಳಿದ್ದರು. ಮುಂದಿನ ಘಟನೆಗೆ ನನಗೆ ಬೇಸಿಗೆ ಬೇಕಿತ್ತು, ನದಿಯ ನೀರು ಇಳಿದಿರಬೇಕಿತ್ತು. ಹುಣಸೆಬೀಜವನ್ನು ಎತ್ತಿ ವೃತ್ತದ ಆಚೆ ಬದಿಗೆ ಇಟ್ಟು, "ಆರು ತಿಂಗಳು ಕಳೀತು. ಈಗ ಬೇಸಿಗೆ. ನದಿ ಇಳಿದಿದೆ" ಎಂದೆ.

"ಹಾಂ, ಚಲೋ ಆತು" ಎಂದರು ಈರಣ್ಣ.

ಶಮ್ಶಾದ್ ಬೀಜವನ್ನೇ ನೋಡುತ್ತಿದ್ದರು. "ಆರು ತಿಂಗಳು ಎಲ್ಲಿ ಹೋದ್ವು?"

"ಕಳೀತು ಆಪಾ. ಅದರಲ್ಲಿ ಏನೂ ಆಗಲಿಲ್ಲ."

"ಏನೂ ಆಗ್ಲಿಲ್ಲಂತ ನಿಮಗ ಯಾರ ಹೇಳಿದ್ರು?"

ಅವರು ಸಿಟ್ಟಾಗಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ತಮಾಷೆಯೆಂದೇ ಎಣಿಸಿ, ಎಲ್ಲವನ್ನೂ ಆಡುತ್ತ ಕೂತರೆ ಕಥೆ ಮುಂದೆ ಹೋಗುವುದಿಲ್ಲ, ಇದು ಎಲ್ಲ ಕಡೆಯೂ ಮಾಡುವಂಥದ್ದೇ ಎಂದು ಹೇಳತೊಡಗಿದೆ. ಅವರು ಕವಡೆಗಳನ್ನು ನೆಲದ ಮೇಲೆ ಇಟ್ಟುಬಿಟ್ಟರು.

"ಅಲ್ರಿ ಟೀಚರ್, ಕೈಯಾಗ ಎತ್ತಿ ಅತ್ಲಾಗ ಇಟ್ರಿ. ನೂರಿ ಒಬ್ಬಾಕಿನ ಮನ್ಯಾಗ ಇದ್ದಾಳ. ಮಳಿ ಹೋಗಿ ಚಳಿ ಬಂತು, ಚಳಿ ಹೋಗಿ ಬಿಸಿಲ ಬಂತು. ಅಕಿ ದಿನಾ ಎದ್ದಿರಬೇಕಲ್ಲ? ಉಂಡಿರಬೇಕಲ್ಲ? ಅವ್ರೂ ಹಿಂಗ ಅಂತಾರ್ರಿ ಫೋನಿನ್ಯಾಗ. 'ಆರು ತಿಂಗಳು ಹೋತು ನೋಡು, ಗೊತ್ತ ಆಗ್ಲಿಲ್ಲ' ಅಂತಾರ. ನನಗ ಗೊತ್ತ ಆತು. ನನಗ ಒಂದೊಂದ ದಿನಾನೂ ಗೊತ್ತ ಆತು."

ಈರಣ್ಣ ಬೀಡಿ ಹಚ್ಚಲು ತೆಗೆದ ಕಡ್ಡಿಯನ್ನು ಹಾಗೇ ಹಿಡಿದು ಕೂತಿದ್ದರು. ಹೊರಗೆ ಟ್ರ್ಯಾಕ್ಟರೊಂದು ದಾಟಿ ಹೋಯಿತು. ನಾನು ಬೀಜವನ್ನು ಎತ್ತಿ ಹಿಂದಿನ ಜಾಗದಲ್ಲೇ ಇಟ್ಟೆ.

"ಹಂಗಾದ್ರ ನೀವೇ ಹೇಳಿ ಆಪಾ" ಎಂದೆ. "ನೂರಿ ಆ ಆರು ತಿಂಗಳು ಏನು ಮಾಡಿದಳು?"

ಅವರು ಹೇಳುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಆದರೆ ಹೇಳಿದರು. ಮೊದಲ ತಿಂಗಳು ನೂರಿ ಇಬ್ಬರಿಗಾಗುವಷ್ಟು ಅಡುಗೆ ಮಾಡಿದಳು. ಕೈ ಅಳತೆ ಅದೇ ರೂಢಿಯಾಗಿತ್ತು. ಉಳಿದದ್ದನ್ನು ನಾಯಿಗೆ ಹಾಕಿದಳು. ನಾಯಿ ದಪ್ಪಗಾಯಿತು. ಓಣಿಯವರು ಅದನ್ನು ಆಡಿಕೊಂಡು ನಕ್ಕ ಮೇಲೆ ಹಿಟ್ಟು ಕಡಿಮೆ ಕಲಸಲು ಕಲಿತಳು. ಮಳೆಗಾಲದಲ್ಲಿ ಮನೆಯ ಮಣ್ಣಿನ ಮಾಳಿಗೆ ಸೋರಿತು. ಆಳು ಕರೆದರೆ ಗಂಡಸರಿಲ್ಲದ ಮನೆ ಎಂದು ದಿನ ದೂಡಿದರು. ಕಡೆಗೆ ತಾನೇ ಬುಟ್ಟಿಯಲ್ಲಿ ನೀರು ಇಳಿಯಗೊಡದ ಕರಲು ಮಣ್ಣು ಹೊತ್ತು ಏಣಿ ಹತ್ತಿ ಮಾಳಿಗೆಯ ಮೇಲೆ ಹರವಿ ತುಳಿದಳು. ಮೇಲಿನಿಂದ ಊರೆಲ್ಲ ಕಂಡಿತು. ಚಲೋ ಅನಿಸಿತು. ಇಳಿಯಲು ಮನಸ್ಸಾಗದೆ ಸಂಜೆಯವರೆಗೆ ಅಲ್ಲೇ ಕೂತಿದ್ದಳು.

ಇಷ್ಟು ಹೇಳಿ ಶಮ್ಶಾದ್ ಬೀಜವನ್ನು ತಾವೇ ಎರಡು ಮನೆ ಮುಂದೆ ಸರಿಸಿದರು.

ಅವತ್ತಿನಿಂದ ಅದು ನಮ್ಮ ನಿಯಮವಾಯಿತು. ಕಾಲವನ್ನು ಸುಮ್ಮನೆ ಹಾರಿಸುವಂತಿಲ್ಲ. ಹಾರಿಸಬೇಕಾದರೆ, ಆ ದಿನಗಳಲ್ಲಿ ಏನಾಯಿತೆಂದು ಒಬ್ಬೊಬ್ಬರೂ ಹೇಳಬೇಕು. ಕಳ್ಳರು, ಕೋಟೆ, ನಿಧಿ ಎಲ್ಲ ಹಿಂದೆ ಬಿದ್ದವು. ಭಾನುವಾರವೆಲ್ಲ ಆ ನಡುವಿನ ತಿಂಗಳುಗಳಲ್ಲೇ ಕಳೆಯತೊಡಗಿತು. ಈರಣ್ಣ ಮೊದಮೊದಲು, "ನಮ್ಮಾಂವ ಗ್ವಾಡಿ ಕಾದಾ. ಅಷ್ಟ" ಎಂದು ಮುಗಿಸುತ್ತಿದ್ದರು. ನಾಲ್ಕನೆಯದೋ ಐದನೆಯದೋ ಭಾನುವಾರ, ನಾವು ಕೇಳದೆಯೇ ಶುರು ಮಾಡಿದರು. ಕಾವಲುಗಾರ ರಜೆಗೆ ಮನೆಗೆ ಹೋದಾಗ ಅವನ ಕಿರಿಯ ಮಗಳು ಬಾಗಿಲು ತೆರೆದು, ಒಳಗೆ ಹೋಗಿ, "ಅವ್ವಾ, ಯಾರೋ ಬಂದಾರ" ಎಂದಳಂತೆ. "ಸಣ್ಣಾಕಿ ಇದ್ದಳು ಬಿಡ್ರಿ. ಆಮ್ಯಾಲ ಗುರ್ತ ಹಿಡದ್ಲು" ಎಂದು ಸೇರಿಸಿ ಕವಡೆಗಳನ್ನು ಒಂದೊಂದಾಗಿ ಆರಿಸತೊಡಗಿದರು. ಶಮ್ಶಾದ್ ಎದ್ದು ಚಹಾ ಮಾಡಿ ತಂದರು. ಈರಣ್ಣನವರ ಲೋಟಕ್ಕೆ ಸಕ್ಕರೆ ಹೆಚ್ಚು ಹಾಕಿದ್ದನ್ನು ನಾನು ನೋಡಿದೆ.

ನನ್ನನ್ನು ಯಾರೂ ಕೇಳಲಿಲ್ಲ. ಕೇಳುವ ಹಾಗೂ ಇರಲಿಲ್ಲ. ಕಥೆ ನಡೆಸುವವರಿಗೆ ಪಾತ್ರವಿರುವುದಿಲ್ಲ. ಊರಿನವರೆಲ್ಲ ಅವರೇ, ಮಳೆ ಬಿಸಿಲೂ ಅವರೇ, ಆದರೆ ಅವರದೆಂದು ಒಂದು ಹೆಸರಿಲ್ಲ. ಆಟ ಮುಗಿಸಿ ಖಾಲಿ ಮನೆಗಳ ಸಾಲು ದಾಟಿ ನನ್ನ ಬಾಗಿಲ ಬೀಗ ತೆಗೆಯುವಾಗ ಒಮ್ಮೊಮ್ಮೆ ನಾನೇ ನನಗೆ ಹೇಳಿಕೊಳ್ಳುತ್ತಿದ್ದೆ: ಆ ವಾರ ಟೀಚರು ಹೀಗೆ ಮಾಡಿದಳು, ಸೋಮವಾರ ಪಲ್ಯಕ್ಕೆ ಉಪ್ಪು ಮರೆತಳು, ಬುಧವಾರ ಒಂದು ಮಗು ಅವಳ ಕೈ ಹಿಡಿದುಕೊಂಡು ಗೇಟಿನವರೆಗೆ ಬಂತು. ಜೋರಾಗಿ ಹೇಳಿದರೆ ಬರಿಗೋಡೆಗೆ ಬಡಿದು ಧ್ವನಿ ವಾಪಸು ಬರುತ್ತಿತ್ತು. ಹಾಗಾಗಿ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಬಿಸಿಲು ಏರತೊಡಗಿದಾಗ, ಒಂದು ಶುಕ್ರವಾರ, ನಾನು ಶಾಲೆಯಿಂದ ಬರುವ ಹೊತ್ತಿಗೆ ಶಮ್ಶಾದ್ ದವಾಖಾನೆಯ ಮೆಟ್ಟಿಲ ಮೇಲೆ ಕೂತಿದ್ದರು. ಯಾವಾಗಲೂ ಏನಾದರೊಂದು ಕೆಲಸದಲ್ಲಿರುವವರು, ಕೈ ಖಾಲಿ ಬಿಟ್ಟುಕೊಂಡು ಕೂತಿದ್ದರು.

"ಬರಾಕತ್ತಾರಂತ್ರಿ" ಎಂದರು. "ಖಾಯಂ. ಇನ್ನ ಹೊಳ್ಳಿ ಹೋಗಂಗಿಲ್ಲಂತ."

ನನಗೆ ಸಂತೋಷವಾಯಿತು, ಹೇಳಿದೆ. ಅವರು ತಲೆಯಾಡಿಸಿದರು. ಆಮೇಲೆ, "ಹೋದಾಗ ನನ್ನ ಕೂದಲ ಕರಿ ಇದ್ವು" ಎಂದರು.

ಆ ಭಾನುವಾರ ಕವಡೆ ಮುಟ್ಟುವ ಮೊದಲೇ ಹೇಳಿದರು, ಇವತ್ತು ನೂರಿಯ ಗಂಡ ವಾಪಸು ಬರಬೇಕು. ನಾನೇ ಅವನಾಗಿ ಮಾತಾಡಬೇಕು. ಈರಣ್ಣ ನನ್ನ ಕಡೆ ನೋಡಿ, ಆಡ್ರಿ ಎಂಬಂತೆ ಹುಬ್ಬು ಏರಿಸಿದರು. ನಾನು ನದಿ, ಬೆಳಗಿನ ಮಂಜು, ದೂರದಿಂದ ಕಾಣುವ ದೋಣಿ ಎಲ್ಲವನ್ನೂ ವರ್ಣಿಸಿದೆ. ಶಮ್ಶಾದ್ ತಡೆದರು.

"ಅದೆಲ್ಲಾ ಬ್ಯಾಡ್ರಿ. ಬಾಗಿಲಿಗಿ ಬಂದ. ನಾ ಬಾಗಿಲ ತಗದೆ. ಅವಾ ಏನಂದ?"

ಕವಡೆ ಹಾಕುತ್ತೀರಾ ಎಂದು ಕೇಳಿದೆ. ಬೇಡವೆಂದರು. ನನಗೆ ಮದುವೆಯಾಗಿರಲಿಲ್ಲ. ಯಾರನ್ನೂ ಹಾಗೆ ಕಾದವಳಲ್ಲ, ಯಾರೂ ನನ್ನನ್ನು ಕಾದಿರಲಿಲ್ಲ. ಸಿನಿಮಾದಲ್ಲಿ ಆಡುವಂಥ ಮಾತುಗಳು ನಾಲಿಗೆಯ ತುದಿಗೆ ಬಂದವು. ಎದುರಿಗೆ ಕೂತವರ ಮುಖ ನೋಡಿ ಅವನ್ನು ಆಡಲಾಗಲಿಲ್ಲ.

"ಅವನು ಏನೂ ಹೇಳಲ್ಲ ಆಪಾ" ಎಂದೆ. "ಕೈಯಲ್ಲಿ ಚೀಲ ಇದೆ. ಎಲ್ಲಿ ಇಡಲಿ ಅಂತ ಕೇಳ್ತಾನೆ."

ಶಮ್ಶಾದ್ ನಕ್ಕುಬಿಟ್ಟರು. "ಹೌದ್ರಿ. ಹಂಗ ಕೇಳ್ತಾರ. ತನ್ನ ಮನ್ಯಾಗ ಬಂದು, ಎಲ್ಲಿಡ್ಲಿ ಅಂತ ಕೇಳ್ತಾರ." ನಗುತ್ತ ನಗುತ್ತಲೇ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಈರಣ್ಣ ಎದ್ದು, ಕಾಲುವೆಯ ಗೇಟು ನೋಡಿ ಬರುತ್ತೇನೆಂದು ಹೊರಗೆ ಹೋದರು. ಆ ಹೊತ್ತಿಗೆ ಅವರು ನೋಡಬೇಕಾದ ಗೇಟು ಯಾವುದೂ ಇರಲಿಲ್ಲ.

"ಮುಂದ ಆಡೂದು ಬ್ಯಾಡ್ರಿ ಟೀಚರ್" ಎಂದರು ಶಮ್ಶಾದ್, ಕಣ್ಣೊರೆಸಿಕೊಂಡು. "ಇಲ್ಲಿಗಿ ಸಾಕು."

ಕಾಲುವೆಯ ನೀರು ನಿಲ್ಲಿಸಿದ ಸುಮಾರಿಗೆ ಖಾಜಾಸಾಬ್ ಬಂದರು. ಶಮ್ಶಾದ್ ದೀರ್ಘ ರಜೆ ಹಾಕಿ, ಸುರಪುರದ ದವಾಖಾನೆಗೆ ವರ್ಗ ಕೇಳಿ, ಒಂದು ಟಂಟಂ ಆಟೋದಲ್ಲಿ ಸಾಮಾನು ಹೇರಿಕೊಂಡು ಹೊರಟರು. ಮುಂದಿನ ಭಾನುವಾರ ಈರಣ್ಣ ಅಭ್ಯಾಸಬಲದಿಂದ ಪಡಸಾಲೆಗೆ ಬಂದರು, ನಾನೂ ಹೋಗಿದ್ದೆ. ಕೂತೆವು. ಅವರ ಕಾವಲುಗಾರ ಒಂದು ಊರಿಗೆ ಹೋದ. ಅಲ್ಲಿ ಏನು ಮಾಡುತ್ತಾನೆಂದು ಕೇಳಿದೆ.

"ಇಬ್ರ ಕುಂತ್ರ ಆಟ ಆಗಂಗಿಲ್ರಿ" ಎಂದರು. ಆಮೇಲೆ ನನ್ನ ಮುಖ ನೋಡದೆ, "ಮಂದೀನೂ ಒಂದ್ ಮಾತಾಡ್ತಾರ. ನೀವು ಒಬ್ರ ಇರೂ ಹೆಣ್ಮಗಳು. ನಿಮಗ ಯಾಕ ಬೇಕು" ಎಂದು ಎದ್ದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಕಾಲುವೆಯ ಏರಿಯ ಮೇಲೆ ಅವರ ಸೈಕಲ್ಲು ಹೋಗುವುದನ್ನು ನೋಡುತ್ತ ನಿಂತೆ. ಮತ್ತೆ ಎದುರಿಗೆ ಸಿಕ್ಕಾಗಲೆಲ್ಲ "ಊಟಾತೇನ್ರಿ ಟೀಚರ್?" ಎಂದು ಕೇಳುತ್ತಿದ್ದರು, ನಿಲ್ಲುತ್ತಿರಲಿಲ್ಲ.

ನೀರಿಲ್ಲದ ಕಾಲುವೆಯಂಥ ಬರಿದು ಜಾಗವನ್ನು ನಾನು ಬೇರೆಲ್ಲೂ ನೋಡಿಲ್ಲ. ಮಳೆಗಾಲದಿಂದ ಕಿವಿಗೆ ರೂಢಿಯಾಗಿದ್ದ ಸದ್ದು ನಿಂತಿತ್ತು. ಬೆಳಿಗ್ಗೆ ಎದ್ದರೆ ಏನೋ ಮರೆತಂತೆ ಅನಿಸುತ್ತಿತ್ತು. ಎರಡು ಮೂರು ಭಾನುವಾರ ಹಾಗೇ ಕಳೆದು, ಒಂದು ಭಾನುವಾರ ಸುರಪುರದ ಬಸ್ಸು ಹತ್ತಿದೆ.

ಸುರಪುರದ ಗುಡ್ಡದ ಮಗ್ಗುಲಿನ ಏರು ಓಣಿಯಲ್ಲಿ ಮನೆ. ಕೇಳಿಕೊಂಡು ಹೋದೆ. ಬಾಗಿಲು ತೆರೆದವರು ಖಾಜಾಸಾಬ್. ತೆಳ್ಳಗಿನ ಮನುಷ್ಯ, ಎಡಗೈಯೊಂದೇ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು, ಸೌದಿಯ ಲಾರಿಗಳಲ್ಲಿ ಡ್ರೈವರ್ ಎಡಕ್ಕೆ ಕೂರುವುದರಿಂದ ಕಿಟಕಿಯ ಕಡೆಯ ಕೈ. ನಾನು ಯಾರೆಂದು ಹೇಳಿದ ಕೂಡಲೇ "ಬರ್ರಿ ಬರ್ರಿ, ಕೂಡ್ರಿ" ಎಂದು ಅಂಗಳದಲ್ಲಿ ಕುರ್ಚಿ ಹಾಕಿದರು. ಶಮ್ಶಾದ್ ಅಡುಗೆಮನೆಯಿಂದ ಇಣುಕಿ, ಮುಖವೆಲ್ಲ ನಗುವಾಗಿ, "ಚಹಾ ತಂದೆ ತಡೀರಿ" ಎಂದು ಒಳಗೆ ಹೋದರು. ಅವರ ಚಪ್ಪಲಿಯ ಸದ್ದಿರಲಿಲ್ಲ. ಮನೆಯಲ್ಲಿ ಬರಿಗಾಲಿನಲ್ಲಿ ಮೆಲ್ಲಗೆ ನಡೆಯುತ್ತಿದ್ದರು.

ಖಾಜಾಸಾಬ್ ಎದುರಿಗೆ ಕಟ್ಟೆಯ ಮೇಲೆ ಕೂತು ಅಂಗಳವನ್ನು ನೋಡುತ್ತಿದ್ದರು.

"ಇಲ್ಲಿ ಒಂದು ಬೇವಿನ ಗಿಡ ಇತ್ರಿ" ಎಂದರು. "ನಮ್ಮ ಅಬ್ಬಾ ಹಚ್ಚಿದ್ದು. ಯಾವಾಗ ಬಿತ್ತು ಅಂತ ಕೇಳಿದ್ರ 'ಅದಾ, ಬಿತ್ತು ಆಗಿಂದಾಗ' ಅಂತಾಳ. ಅಮ್ಮಾ ಕಡಿ ದಿನದಾಗ ಏನರ ಅಂದ್ಲೇನು ಅಂತ ಕೇಳಿದ್ರ 'ಏನಿಲ್ಲ, ಆರಾಮ ಹೋದ್ಲು' ಅಂತಾಳ. ಏನ್ ಕೇಳಿದ್ರೂ ಏನೂ ಆಗಿಲ್ಲ ಅಂತಾಳ್ರಿ. ಓಣಿಯಾಗಿನ ಹುಡುಗರು ನನಗ ಗುರ್ತ ಸಿಗವಲ್ಲವು. ಎಲ್ಲರೂ ಎಲ್ಲಾ ಮುಗಿಸಿ ಕುಂತಾರ." ಸುಟ್ಟ ಕೈಯಿಂದ ಗಡ್ಡ ಸವರಿಕೊಂಡರು. "ನೀವೇನೋ ಆಟ ಆಡತಿದ್ರಂತ. ಈರಣ್ಣಾರು ಬಸ್‌ಸ್ಟ್ಯಾಂಡಿನ್ಯಾಗ ಸಿಕ್ಕಿದ್ರು, ಅಂದ್ರು. ಅದರಾಗ ಆಕಿ ಭಾಳ ಮಾತಾಡ್ತಿದ್ಲಂತ. ಏನೇನ್ ಹೇಳ್ತಿದ್ಲು ಟೀಚರ್? ನೀವರ ಹೇಳ್ರಿ."

ನನಗೆ ಎಲ್ಲ ನೆನಪಿತ್ತು. ಬಾಯಿ ತೆರೆದರೆ ಸಾಕಿತ್ತು. ಆದರೆ ಅದು ನಾನು ಹೇಳುವಂಥದ್ದಲ್ಲ ಎಂದು ಅನ್ನಿಸಿತು. ತಲೆ ಎತ್ತಿ ನೋಡಿದೆ. ಶಮ್ಶಾದ್ ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಎಲ್ಲ ಕೇಳಿಸಿಕೊಂಡಿದ್ದರು.

"ಅವರನ್ನೇ ಕೇಳಿ" ಎಂದೆ ನಾನು. "ಒಂದೊಂದೇ ತಿಂಗಳು ಕೇಳಿ. ಎಲ್ಲಾ ಒಟ್ಟಿಗೆ ಕೇಳಿದ್ರೆ ಯಾರಿಗೂ ಹೇಳೋಕೆ ಬರಲ್ಲ."

ಖಾಜಾಸಾಬ್ ಹೆಂಡತಿಯ ಕಡೆ ತಿರುಗಿದರು. ಕೇಳಲು ಅವರಿಗೂ ಸುಲಭವಿರಲಿಲ್ಲ. ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಉರ್ದುವಿನಲ್ಲಿ, ನಾನು ಸೌದಿಗೆಂದು ಬಸ್ಸು ಹತ್ತಿ ಹೋದ ದಿನ ನೀನು ವಾಪಸು ಬಂದು ಏನು ಮಾಡಿದೆ ಎಂಬಂತೆ ಏನೋ ಕೇಳಿದರು.

ಶಮ್ಶಾದ್ ನನಗೆ ಚಹಾ ಕೊಟ್ಟರು. ಗಂಡನಿಗೂ ಕೊಟ್ಟರು. ತಟ್ಟೆಯನ್ನು ನೆಲದ ಮೇಲೆ ಇಟ್ಟು, ಕಟ್ಟೆಯ ಇನ್ನೊಂದು ತುದಿಗೆ ಕೂತರು. "ಸುನೋ" ಎಂದು ಶುರು ಮಾಡಿದರು. ಮುಂದಿನದು ನನಗೆ ಅರ್ಧಂಬರ್ಧ ತಿಳಿಯುವ ಭಾಷೆ. ಅಮ್ಮಾ ಎಂಬ ಮಾತು ಬಂತು, ರೊಟ್ಟಿ ಎಂದು ಬಂತು, ಒಂದು ಕಡೆ ಇಬ್ಬರೂ ಸಣ್ಣಗೆ ನಕ್ಕರು. ಇನ್ನೊಂದು ಕಡೆ ಖಾಜಾಸಾಬ್ ಲೋಟವನ್ನು ಬಾಯಿಯವರೆಗೆ ಒಯ್ದು ಕುಡಿಯದೆ ಕೆಳಗಿಟ್ಟರು. ಶಮ್ಶಾದ್ ನಿಲ್ಲಿಸಲಿಲ್ಲ. ಅವರ ಧ್ವನಿ ಮೆಲ್ಲಗೆ ಏರಿ, ಪಡಸಾಲೆಯಲ್ಲಿ ನಾನು ಕೇಳುತ್ತಿದ್ದ ಧ್ವನಿಯೇ ಆಯಿತು.

ನನ್ನ ಚಹಾ ಮುಗಿದಿತ್ತು. ಲೋಟವನ್ನು ಸದ್ದಾಗದಂತೆ ಇಟ್ಟು ಎದ್ದೆ. ಇಬ್ಬರೂ ನೋಡಲಿಲ್ಲ. ಬಾಗಿಲನ್ನು ಮುಂದಕ್ಕೆ ಎಳೆದುಕೊಂಡು ಓಣಿ ಇಳಿದೆ.

ಶಹಾಪುರದ ಬಸ್ಸಿನಲ್ಲಿ ಐದಾರು ಜನ ಇದ್ದರು. ಕಂಡಕ್ಟರು ಹೊಸಬ. ಕ್ಯಾಂಪ್ ಗೇಟಿಗೆ ಒಂದು ಟಿಕೆಟು ಎಂದೆ. ಟಿಕೆಟು ಹರಿದು ಕೊಟ್ಟವನು ನನ್ನನ್ನು ಒಮ್ಮೆ ನೋಡಿದ.

"ಅಲ್ಲಿ ಎಲ್ಲಾ ಖಾಲಿ ಆಗ್ಯದಂತಲ್ರಿ. ಇನ್ನಾ ಯಾರರ ಇದ್ದಾರೇನು?"

"ನಾನಿದೀನಿ" ಎಂದೆ.

ಗೇಟಿನ ಹತ್ತಿರ ಅವನು ಸೀಟಿ ಊದಿದ. ಇಳಿದವಳು ನಾನೊಬ್ಬಳೇ.